ಉಕ್ಕಿನ ಎದೆ, ಚಿನ್ನದ ಗಡ್ಡ

ಕವಚವಿರುವುದು ಪ್ರಾಣ ಉಳಿಸಲು ಎಂದು ನಂಬಿದ ಬಡಪಾಯಿಗೆ ಹದಿನಾರನೆಯ ಶತಮಾನದ ಯೂರೋಪಿನ ಅರಮನೆಗಳಲ್ಲಿ ಮರ್ಯಾದೆ ಇರಲಿಲ್ಲ. ಅಲ್ಲಿ ದುಬಾರಿ ಕವಚ ಕಾಯುತ್ತಿದ್ದದ್ದು ಠೀವಿಯನ್ನು. ಪ್ರಾಣ ಕಳೆದುಕೊಳ್ಳುವ ಕೆಲಸಕ್ಕೆ ಬಾಡಿಗೆ ಸಿಪಾಯಿಗಳಿದ್ದರಲ್ಲ.

ಮಿಲಾನಿನ ಫಿಲಿಪ್ಪೊ ನೆಗ್ರೋಲಿಯ ಕೈಚಳಕಕ್ಕೆ ಮಾತ್ರ ಕೈಮುಗಿಯಲೇಬೇಕು. ಅವನು 1543ರಲ್ಲಿ ಒಂದೇ ಉಕ್ಕಿನ ತಗಡನ್ನು ಬಡಿದು ಮಾಡಿದ ಶಿರಸ್ತ್ರಾಣ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ನೆತ್ತಿಯ ಮೇಲೆ ಮತ್ಸ್ಯಕನ್ಯೆ ಮೈಚಾಚಿದ್ದಾಳೆ, ಹಣೆಯ ಮೇಲೆ ಗ್ರೀಕ್ ಪುರಾಣದ ಹಾವುಗೂದಲಿನ ರಾಕ್ಷಸಿ ಮೆಡೂಸಾ ಹಲ್ಲು ಕಿರಿಯುತ್ತಾಳೆ. ತಕರಾರು ಒಂದೇ: ನುಣುಪಾದ ಉಕ್ಕಿನ ಮೇಲೆ ಜಾರಿಹೋಗುವ ಕತ್ತಿಯ ಮೊನೆಗೆ ಇಂಥ ಉಬ್ಬುಚಿತ್ತಾರದಲ್ಲಿ ಸಿಕ್ಕಿಕೊಳ್ಳಲು ಧಾರಾಳ ಜಾಗವಿದೆ. ಐದನೆಯ ಚಾರ್ಲ್ಸ್ ಚಕ್ರವರ್ತಿಗೆ ಅದರ ಚಿಂತೆಯಿರಲಿಲ್ಲ. ಇದೇ ನೆಗ್ರೋಲಿ ಅವನಿಗೆ ಚಿನ್ನದ ಗುಂಗುರು ಕೂದಲು, ಚಿನ್ನದ ಗಡ್ಡ ಇರುವ ಶಿರಸ್ತ್ರಾಣವನ್ನು ಮಾಡಿಕೊಟ್ಟ.

ಇಟಲಿಯ ಉರ್ಬಿನೋದ ಡ್ಯೂಕ್ ಗ್ವಿದೊಬಾಲ್ದೊಗೆ ರೋಮನ್ ವೀರನಾಗುವ ಆಸೆ. ಗರಡಿಗೆ ಹೋಗುವುದು ತಡವಾಗುತ್ತದೆ, ಅಕ್ಕಸಾಲಿಗನಿಗೆ ಹೇಳಿದರೆ ಬೇಗ. ಬಾರ್ತೊಲೊಮಿಯೊ ಕಾಂಪಿ 1546ರಲ್ಲಿ ಉಕ್ಕಿನಲ್ಲೇ ಎದೆಯ ಮಾಂಸಖಂಡಗಳನ್ನು ಉಬ್ಬಿಸಿಕೊಟ್ಟ. ಕೊಟ್ಟವನು ಸುಮ್ಮನಿರಲಿಲ್ಲ. ಒಂದು ವರ್ಷ ಬೇಡುವ ಕೆಲಸವನ್ನು ಒಡೆಯನ ಅಪ್ಪಣೆಗೆ ತಲೆಬಾಗಿ ಎರಡೇ ತಿಂಗಳಲ್ಲಿ ಮುಗಿಸಿದೆ ಎಂದು ಕವಚದ ಮೇಲೆಯೇ ಲ್ಯಾಟಿನ್‌ನಲ್ಲಿ ಕೊರೆದಿಟ್ಟ. ಸಾಹೇಬರು ಬರುತ್ತಾರೆಂದು ರಾತ್ರೋರಾತ್ರಿ ಡಾಂಬರು ಸುರಿಯುವ ಗುತ್ತಿಗೆದಾರರಿಗೂ ರಸ್ತೆಯ ಮೇಲೆ ಹೀಗೆ ಬರೆಯುವ ಧೈರ್ಯ ಬಂದಿಲ್ಲ. ಡ್ಯೂಕನ ಸ್ನಾಯುಗಳು ಈಗ ಮ್ಯಾಡ್ರಿಡ್‌ನಲ್ಲಿವೆ, ಗುತ್ತಿಗೆದಾರನ ಗೊಣಗಾಟದ ಸಮೇತ.

ಜರ್ಮನರದು ಇನ್ನೊಂದು ಚಂದ. ಅಲ್ಲಿನ ಬಾಡಿಗೆ ಸಿಪಾಯಿಗಳು ಸೀಳು ಸೀಳಾಗಿ ಕತ್ತರಿಸಿದ, ಉಬ್ಬಿದ ತೋಳಿನ ಅಂಗಿ ತೊಡುತ್ತಿದ್ದರು. ಶ್ರೀಮಂತರಿಗೂ ಅದೇ ಬೇಕಾಯಿತು, ಆದರೆ ಉಕ್ಕಿನಲ್ಲಿ! ಆಗ್ಸ್‌ಬರ್ಗಿನ ಕೋಲ್ಮನ್ ಹೆಲ್ಮ್‌ಶ್ಮಿಡ್ 1523ರಲ್ಲಿ ವಿಲ್ಹೆಲ್ಮ್ ಫಾನ್ ರೊಗೆನ್‌ಡಾರ್ಫ್‌ಗೆ ಬುಗ್ಗೆ ತೋಳುಗಳ, ಸೀಳುಗಳ ಕವಚ ಹೊಲಿದುಕೊಟ್ಟ. ಕ್ಷಮಿಸಿ, ಬಡಿದುಕೊಟ್ಟ.

ಮ್ಯಾಕ್ಸಿಮಿಲಿಯನ್ ಚಕ್ರವರ್ತಿ ಇಂಗ್ಲೆಂಡಿನ ಎಂಟನೆಯ ಹೆನ್ರಿಗೆ ಕಳಿಸಿದ ಉಡುಗೊರೆ ಎಲ್ಲವನ್ನೂ ಮೀರಿಸಿತು: ಟಗರಿನ ಕೊಂಬು, ಸೋರುವ ಮೂಗು, ಕುರುಚಲು ಗಡ್ಡ, ಮೇಲೊಂದು ಕನ್ನಡಕ ಇರುವ ಶಿರಸ್ತ್ರಾಣ. ಅದರ ಜೊತೆಗಿದ್ದ ಮೈಗವಚ, ಅಂದರೆ ಏಟು ತಡೆಯಬೇಕಾದ ಭಾಗ, ಇಂಗ್ಲೆಂಡಿನ ಅಂತರ್ಯುದ್ಧದ ನಂತರ ಗುಜರಿಗೆ ಹೋಯಿತು ಎನ್ನುತ್ತಾರೆ. ಮೂಗು ಸೋರುವ ಆ ಮುಖವನ್ನು ಲೀಡ್ಸ್‌ನ ಮ್ಯೂಸಿಯಂ ತನ್ನ ಲಾಂಛನ ಮಾಡಿಕೊಂಡಿತು.