ಅಡಿಕೆ ಲೆಕ್ಕದ ಹಿಂದಿನ ಪುಟ

ಶಿವಮೊಗ್ಗದಲ್ಲಿರೋ ತಂಗಿ ಮೊನ್ನೆ ಫೋನಲ್ಲಿ ಕೇಳಿದ್ಲು, ಅಷ್ಟು ಕೆಲಸದ ಮಧ್ಯೆ ನಿಂಗೆ ಬರಿಯೋಕೆ ಟೈಮ್ ಎಲ್ಲಿ ಸಿಗುತ್ತೇ ಅಂತ. ಸಿಗಲ್ಲ ಕಣೇ ಅಂದೆ. ಅವಳು ನಕ್ಕಳು, ನಾನು ತಮಾಷೆ ಮಾಡ್ತಿದೀನಿ ಅಂದ್ಕೊಂಡ್ಲು ಅನ್ಸುತ್ತೆ. ತೀರ್ಥಹಳ್ಳಿ ಪೇಟೆಯಿಂದ ಸ್ವಲ್ಪ ಒಳಗಿರೋ ನಮ್ಮನೇಲಿ ಬೆಳಿಗ್ಗೆ ಐದೂವರೆಗೆ ಬಚ್ಚಲ ಒಲೆಗೆ ಬೆಂಕಿ ಹಾಕಿದ್ರೆ ರಾತ್ರಿ ಹಾಲಿಗೆ ಹೆಪ್ಪು ಹಾಕೋ ತನಕ ಒಂದಾದ ಮೇಲೊಂದು ಬರ್ತಾನೇ ಇರುತ್ತೆ, ಮಧ್ಯ ಎಲ್ಲೋ ಹತ್ತು ನಿಮಿಷ ಖಾಲಿ ಬಿತ್ತು ಅಂತ ಪೆನ್ನು ಹುಡುಕೋಕೆ ಹೋದ್ರೆ ಪೆನ್ನು ಮಗನ ಬ್ಯಾಗಲ್ಲಿ, ಮಗ ಸ್ಕೂಲಲ್ಲಿ.

ಮಳೆಗಾಲದಲ್ಲಿ ಬರೀತೀನಿ ಅಂತ ಪ್ರತಿ ವರ್ಷ ಅಂದ್ಕೋತೀನಿ. ಪುನರ್ವಸು ಮಳೆ ಹಿಡಿದು ಮೂರು ದಿನ ಹೊರಗೆ ಕಾಲಿಡೋ ಹಂಗಿಲ್ಲ ಅನ್ನುವಾಗ ಜಗುಲಿ ಮೇಲೆ ಕೂತು ಬರಿಯೋ ಚಿತ್ರ ಎಷ್ಟು ಚಂದ ಅಲ್ವಾ. ಮಳೆ ಒಂಚೂರು ಹೊಳವು ಕೊಟ್ಟಿದ್ದೇ ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯೋರು ಬಂದೇ ಬಿಟ್ರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅಷ್ಟು ನಮ್ಮನೆಯವರ ಲೆಕ್ಕ. ಆರು ಜನಕ್ಕೆ ಎಷ್ಟು ಪಾವು ಅಕ್ಕಿ, ಎಷ್ಟು ಕಡುಬು, ಎಷ್ಟು ಸಲ ಕಾಫಿ ಅನ್ನೋದು ನನ್ನ ಲೆಕ್ಕ. ಅವತ್ತು ರಾತ್ರಿ ಪುಸ್ತಕ ತೆಗೆದೆ ನಿಜ, ಬರೆದಿದ್ದು ‘ಬೆಲ್ಲ ಮುಗಿದಿದೆ’ ಅಂತ.

ಮಗಳು ಫೋನಲ್ಲಿ ಮಾತಾಡಿದ್ರೆ ಅದೇ ಟೈಪ್ ಆಗೋ ಹಂಗೆ ಮಾಡಿ ಕೊಟ್ಟಿದ್ಲು. ಅಡುಗೆ ಮಾಡ್ತಾ ಮಾಡ್ತಾ ಕಥೆ ಹೇಳಮ್ಮ, ಅದೇ ಬರ್ಕೊಳುತ್ತೆ ಅಂತ. ಹೇಳಿದೆ. ಸಂಜೆ ನೋಡಿದ್ರೆ ‘ಅವಳ ಕಣ್ಣಲ್ಲಿ ನೀರು ತುಂಬಿ ಮಂಗ ಬಂತು ಹೊಡಿರೋ ಬಾಳೆಗೊನೆಗೆ’ ಅಂತಿತ್ತು. ಮೊದಲರ್ಧ ನಂದು, ಉಳಿದಿದ್ದು ಅತ್ತೆದು. ಓದಿ ಓದಿ ನೋಡಿದ್ರೆ ಅತ್ತೆ ಬರೆದಿದ್ದೇ ಚೆನ್ನಾಗಿದೆ, ಏನೋ ನಡೀತಿದೆ ಅಂತಾದ್ರೂ ಗೊತ್ತಾಗುತ್ತೆ.

ಬೇಜಾರಾದಾಗ ಒಂದು ಲೆಕ್ಕ ಇಟ್ಕೊಂಡಿದೀನಿ. ನಮ್ಮ ತೀರ್ಥಹಳ್ಳಿಯವರೇ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದಿದ್ದು 1963ರಲ್ಲಿ, ಅಂದ್ರೆ ನಲವತ್ತೈದು ದಾಟಿದ ಮೇಲೆ. ‘ಫಣಿಯಮ್ಮ’ ಕಾದಂಬರಿ ಬರೋ ಹೊತ್ತಿಗೆ ಅರವತ್ತರ ಹತ್ತಿರ. ನಂಗಿನ್ನೂ ನಲವತ್ತೊಂದು. ಈ ಲೆಕ್ಕ ಅತ್ತೆ ಹತ್ರ ಹೇಳಿದ್ರೆ, ‘ಹಂಗಾದ್ರೆ ಇನ್ನೂ ನಾಲ್ಕೈದು ವರ್ಷ ಇದೆಯಲ್ಲ, ಈಗ ಕೊಟ್ಟಿಗೆಗೆ ಸೊಪ್ಪು ಹಾಕಿ ಬಾ’ ಅಂದ್ರು.

ಹೋದ ವರ್ಷ ಒಂದ್ಸಲ ಎಲ್ಲರೂ ಮದುವೆಗೆ ಅಂತ ಸಾಗರಕ್ಕೆ ಹೋಗಿ ಎರಡು ದಿನ ನಾನೊಬ್ಳೇ ಇದ್ದೆ. ಒಂದಕ್ಷರ ಬರೀಲಿಲ್ಲ. ಹೆಚ್ಚಿಗೆ ಹೇಳೋಕೆ ನಾಚಿಕೆ ಆಗುತ್ತೆ, ಉಪ್ಪಿನಕಾಯಿ ಭರಣಿ ಎಲ್ಲ ತೊಳೆದಿಟ್ಟೆ ಅಷ್ಟೇ.

ಬರೆದಿದ್ದು ಯಾವಾಗ ಅಂದ್ರೆ ಈ ಸಲದ ಕೊಯ್ಲಲ್ಲಿ, ಉಸಿರಾಡೋಕೂ ಪುರುಸೊತ್ತಿಲ್ಲದಾಗ. ಸುಲಿದ ಅಡಿಕೆನ ಚೊಗರಿಗೆ, ಅಂದ್ರೆ ಅಡಿಕೆ ಬೇಯಿಸಿದ ಕೆಂಪು ನೀರಿಗೆ, ಹಾಕಿ ಹಂಡೆಲಿ ಬೇಯಿಸುವಾಗ ಯಾರಾದ್ರೂ ಒಲೆ ಬುಡದಲ್ಲಿ ಕೂತಿರಲೇಬೇಕು, ಬೆಂಕಿ ಜಾಸ್ತಿಯಾದ್ರೂ ಕಷ್ಟ ಕಡಿಮೆಯಾದ್ರೂ ಕಷ್ಟ. ಎದ್ದು ಬೇರೆ ಕೆಲಸಕ್ಕೆ ಹೋಗೋ ಹಂಗಿಲ್ಲ, ಯಾರೂ ಕರೆಯೋ ಹಂಗೂ ಇಲ್ಲ, ನೋಡೋರಿಗೆ ಕೆಲಸ ಮಾಡ್ತಿರೋ ಹಂಗೇ ಕಾಣ್ತೀನಿ. ಕೈಗೆ ಸಿಕ್ಕಿದ್ದು ಸುಲಿಯೋರ ಲೆಕ್ಕದ ಪುಸ್ತಕ. ಮುಂದಿನ ಮಗ್ಗುಲಲ್ಲಿ ಯಾರ್ಯಾರು ಎಷ್ಟೆಷ್ಟು ಡಬ್ಬ ಸುಲಿದ್ರು ಅಂತ ಇತ್ತು, ನಾನು ಹಿಂದಿನ ಮಗ್ಗುಲಲ್ಲಿ ಶುರು ಮಾಡಿದೆ. ಬೆರಳಿಗೆ ಹತ್ತಿದ ಚೊಗರು ಹಾಳೆಗೂ ಹತ್ತಿ ಅಕ್ಷರದ ಪಕ್ಕ ಪಕ್ಕದಲ್ಲೇ ಕೆಂಪು ಹೆಬ್ಬೆಟ್ಟಿನ ಗುರುತು, ಸಹಿ ಬರದೇ ಇರೋರು ಕಥೆ ಬರೆದ ಹಂಗೆ.

ಶನಿವಾರ ಬಟವಾಡೆ. ರಾತ್ರಿ ಒಂಬತ್ತೂವರೆ, ಬಲ್ಬಿನ ಕೆಳಗೆ ಎಲ್ಲರೂ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮೇಲೆ ಕೂತು ಕೊನೇ ಡಬ್ಬ ಮುಗಿಸ್ತಿದಾರೆ, ನಮ್ಮನೆಯವರು ಕನ್ನಡಕ ಹಾಕ್ಕೊಂಡು ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದಿದ್ರು: ‘ಹೊಳೆ ಬದಿಗೆ ಬಂದಳು, ದೋಣಿ ಆಚೆ ದಡದಲ್ಲಿತ್ತು.’ ಆಮೇಲೆ ತಲೆ ಎತ್ತಿ, ‘ಎಂತದೇ ಇದು, ಎಷ್ಟು ಡಬ್ಬ ಇವಳದ್ದು?’

ಎಲ್ಲರೂ ಬಿದ್ದು ಬಿದ್ದು ನಕ್ರು. ಅತ್ತೆಯಂತೂ ಸೆರಗು ಬಾಯಿಗಿಟ್ಕೊಂಡು ನಕ್ರು. ನಾನು ಒಲೆಗೆ ಸೌದೆ ಹಾಕೋ ನೆಪದಲ್ಲಿ ಅತ್ತ ತಿರುಗಿದೆ. ಮೂಲೇಲಿ ಕೂತ ಹೆಂಗಸು ಒಬ್ಳು, ಮಾತೇ ಕಡಿಮೆ ಆಕೆದು, ನಗಲಿಲ್ಲ. ಕೈಲಿದ್ದ ಅಡಿಕೆ ಹಂಗೇ ಹಿಡ್ಕೊಂಡು ಕೇಳಿದ್ಲು, ‘ಆಮೇಲೆ ದಾಟಿದ್ಲಾ ಅಕ್ಕ?’

ಇನ್ನೂ ಬರೆದಿಲ್ಲ ಕಣೇ ಅಂದೆ.

‘ಬೇಗ ಬರೀರಿ. ಇಲ್ಲಿ ಇನ್ನು ಹನ್ನೆರಡು ದಿನದ ಕೆಲಸ ಅಷ್ಟೇ, ಆಮೇಲೆ ನಾವು ಆಚೆ ಮನೆ ಸುಲಿಯೋಕೆ ಹೋಗ್ತೀವಿ.’

ಅವತ್ತಿಂದ ದಿನಾ ರಾತ್ರಿ ಬಂದು ಕೂರೋಕೆ ಮುಂಚೆ ನನ್ನ ಮುಖ ನೋಡ್ತಾಳೆ. ನಾನು ಹಂಡೆ ಬುಡದಲ್ಲಿ ಬರೆದಷ್ಟನ್ನ ಹೇಳ್ಬೇಕು. ಬರೆದಿಲ್ಲ ಅಂದ ದಿನ ಆಕೆ ಏನೂ ಅನ್ನಲ್ಲ, ಮೆಟ್ಟುಗತ್ತಿ ಎಳ್ಕೊಂಡು ಕೂತು ಸುಲಿಯೋಕೆ ಶುರು ಮಾಡ್ತಾಳೆ, ಅದು ಬೈಸ್ಕೊಂಡಿದ್ದಕ್ಕಿಂತ ಜಾಸ್ತಿ ನಾಟುತ್ತೆ. ನಮ್ಮನೆಯವರು ಲೆಕ್ಕಕ್ಕೆ ಬೇರೆ ಪುಸ್ತಕ ತಂದಿದಾರೆ, ಹಳೇದು ನಂಗೇ ಬಿಟ್ರು. ಇನ್ನು ನಾಲ್ಕು ದಿನ ಉಳಿದಿದೆ, ದೋಣಿಯವನು ನಿನ್ನೆ ಆಚೆ ದಡ ಬಿಟ್ಟಿದಾನೆ, ನಡು ಹೊಳೇಲಿದಾನೆ. ಹಂಡೆ ಉಕ್ತಾ ಇದೆ, ಏಳ್ಬೇಕು.