ಪರ-ವಿರೋಧ: ಅದಿರು ತೊಳೆದ ಕೆಂಪು ನೀರಿಗೆ ಪಾಲಿಅಕ್ರಿಲಮೈಡ್ ಬೇಕೇ?

ಪರ: ನೀರು ಉಳಿಯಬೇಕಿದ್ದರೆ ಬೇಕೇ ಬೇಕು

ಸಂಡೂರು, ತೋರಣಗಲ್ಲು ಭಾಗದಲ್ಲಿ ಕಬ್ಬಿಣದ ಅದಿರು ತೊಳೆದಾಗ ಬರುವ ರಾಡಿಯಲ್ಲಿ ಜೇಡಿಯ ಕಣಗಳು ತೀರ ಸಣ್ಣವು. ಎಲ್ಲವುಗಳ ಮೈಮೇಲೂ ಋಣ ವಿದ್ಯುದಂಶ. ಒಂದನ್ನೊಂದು ದೂಡುತ್ತ ದಿನಗಟ್ಟಲೆ ತೇಲುತ್ತವೆ. ಇವನ್ನು ಕೆಳಗಿಳಿಸಲು ನೀರಿನಲ್ಲಿ ಕರಗಿಸಿ ಹಾಕುವ ಪುಡಿಯೇ ಪಾಲಿಅಕ್ರಿಲಮೈಡ್; ಅದರ ಅಣುತೂಕ ಒಂದು ಕೋಟಿಗೂ ಮೇಲೆ. ಅದರ ಉದ್ದನೆಯ ಸರಪಳಿ ಹಲವು ಕಣಗಳನ್ನು ಹಿಡಿದು ಗಡ್ಡೆ ಕಟ್ಟಿಸಿ ಕೆಳಗಿಳಿಸುತ್ತದೆ. ಟನ್ ಒಣ ಮಣ್ಣಿಗೆ 20ರಿಂದ 50 ಗ್ರಾಂ ಹಾಕಿದರೆ ಸಾಮಾನ್ಯವಾಗಿ ಸಾಕು. ಕೆಸರು ತಳಕ್ಕಿಳಿಯಲು ಬಿಡುವ ದೊಡ್ಡ ತೊಟ್ಟಿ, ಅಂದರೆ ಥಿಕನರಿನ ಅಂಚಿನಿಂದ ತಿಳಿನೀರು ಹರಿದು ಮತ್ತೆ ತೊಳೆಯುವ ಕೆಲಸಕ್ಕೇ ಹೋಗುತ್ತದೆ. ರೈತರೂ ಕಾರ್ಖಾನೆಗಳೂ ತುಂಗಭದ್ರೆಯನ್ನೇ ನಂಬಿದ ಜಿಲ್ಲೆಯಲ್ಲಿ ಈ ಉಳಿತಾಯ ಬೇಡವೆನ್ನಲು ಸಾಧ್ಯವೇ?

ಇದು ಕೆಲಸ ಮಾಡುವುದಿಲ್ಲ ಎನ್ನುವ ಕಡೆ ತಯಾರಿಯಲ್ಲೇ ಕೆಟ್ಟಿರುತ್ತದೆ. 1000 ಲೀಟರ್ ನೀರಿಗೆ 2 ಕೆಜಿ ಪುಡಿ. ನೀರಿನಲ್ಲಿ ಸುಳಿ ಎದ್ದ ಮೇಲೆ ಅದರ ಅಂಚಿಗೆ ತೆಳ್ಳಗೆ ಉದುರಿಸಬೇಕು. ಒಮ್ಮೆಲೇ ಸುರಿದರೆ ಹೊರಗೆ ಲೋಳೆ, ಒಳಗೆ ಒಣಪುಡಿ ಇರುವ ಗಂಟುಗಳಾಗಿ ಪೈಪು ಕಟ್ಟುತ್ತದೆ. ನಿಧಾನ ಕಲಕುತ್ತ ಸುಮಾರು ಒಂದು ಗಂಟೆ ಬಿಡಿ. ಸೆಂಟ್ರಿಫ್ಯೂಗಲ್ ಪಂಪು ಸರಪಳಿಯನ್ನೇ ಕತ್ತರಿಸುತ್ತದೆ, ಸ್ಕ್ರೂ ಪಂಪು ಹಾಕಿ. ಥಿಕನರಿಗೆ ಬಿಡುವ ಮುಂಚೆ ಹತ್ತು ಪಟ್ಟು ತೆಳುಮಾಡಿ ಎರಡು-ಮೂರು ಕಡೆ ಹಂಚಿ. ಕರಗಿದ ಕಬ್ಬಿಣವಿರುವ ಬೋರ್‌ವೆಲ್ ನೀರು ಬೇಡ, ಹಳಸಿದ ದ್ರಾವಣವೂ ಬೇಡ. ಎರಡರಲ್ಲೂ ಹಿಡಿತ ಸಾಯುತ್ತದೆ. ಅಳತೆ ಮೀರಿದರೆ ತಳದ ಕೆಸರು ಬಿಗಿದು, ಅದನ್ನು ಬಳಿಯುವ ತೋಳು (ರೇಕ್) ತಿರುಗಲಾರದೆ ನಿಲ್ಲುತ್ತದೆ.

ವಿಷ, ವಿಷ ಎಂದು ಕೂಗುವವರು ಸರಪಳಿಯಾದ ಪಾಲಿಮರ್ ಯಾವುದು, ಅದರ ಬಿಡಿ ಕೊಂಡಿಯಾದ ಮಾನೊಮರ್ (ಅಕ್ರಿಲಮೈಡ್) ಯಾವುದು ಎಂದು ಮೊದಲು ತಿಳಿಯಲಿ.

ವಿರೋಧ: ಉಳಿಕೆಯ ಲೆಕ್ಕ ಎಲ್ಲಿ?

ನೀರು ತಿಳಿಯಾಗುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪುಡಿಯಲ್ಲಿ ಸರಪಳಿಯಾಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ. 1994ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ಸಂಭವವಿರುವ 2ಎ ಗುಂಪಿಗೆ ಸೇರಿಸಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 0.5 ಮೈಕ್ರೊಗ್ರಾಂ. ಅಕ್ರಿಲಮೈಡ್ ಮಣ್ಣಿಗೆ ಹೆಚ್ಚು ಅಂಟದೆ ನೀರಿನ ಜೊತೆಗೇ ಸಾಗುತ್ತದೆ.

ಮಳೆಗಾಲದಲ್ಲಿ ಕೆಸರು ಬಿಡುವ ಹೊಂಡ ತುಂಬಿ ಹಳ್ಳಕ್ಕೆ ಹರಿದರೆ? ಜಾಗ ಇರುವಲ್ಲಿ ಸುಣ್ಣ ಹಾಕಿ, ಸಾಲು ಹೊಂಡಗಳಲ್ಲಿ ತಿಳಿಯಾಗಲು ಬಿಡಬಹುದು; ತಡವಾಗುತ್ತದೆ, ಆಗಲಿ. ಬಳಸಲೇಬೇಕಾದರೆ ಉಳಿಕೆ 0.05%ಗಿಂತ ಕಡಿಮೆ ಎಂಬ ಪರೀಕ್ಷಾ ವರದಿಯಿಲ್ಲದ ಚೀಲ ಇಳಿಸಬೇಡಿ. ಚೆಲ್ಲಿದ ಪುಡಿಗೆ ನೀರು ಹೊಡೆಯಬೇಡಿ, ನೆಲ ಜಾರಿ ಕಾರ್ಮಿಕರು ಬೀಳುತ್ತಾರೆ; ಒಣಗಿದ್ದಾಗಲೇ ಗುಡಿಸಿ ತೆಗೆಯಿರಿ.