ಹಾರ್ನ್ ಇಲ್ಲದ ಗಾಡಿ

ಮಂಡ್ಯ ಕಡೆ ಕಬ್ಬು ಸಾಗಿಸುವ ಕಾಲದಲ್ಲಿ ಗಾಡಿ ಓಡಿಸಿದವರಿಗೆ ಓವರ್‌ಟೇಕ್ ಮಾಡುವುದನ್ನು ಯಾರೂ ಬೇರೆ ಹೇಳಿಕೊಡಬೇಕಿಲ್ಲ. ಮುಂದೆ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೈಲರ್, ಎರಡೂ ಪಕ್ಕ ಚಾಚಿಕೊಂಡ ಕಬ್ಬಿನ ಸೋಗೆ ರಸ್ತೆಯನ್ನು ಗುಡಿಸುತ್ತಾ ಹೋಗುತ್ತಿರುತ್ತದೆ. ನಮ್ಮ ಹಾರ್ನ್ ಡ್ರೈವರಿಗೆ ಕೇಳುವುದಿಲ್ಲ, ಅವನು ಹಾಕಿಕೊಂಡ ಹಾಡು ಮಾತ್ರ ಪಾಂಡವಪುರದ ತನಕ ಕೇಳುತ್ತದೆ. ಆದರೂ ಯಾವುದೋ ಒಂದು ಹೊತ್ತಿನಲ್ಲಿ ಅವನ ಬಲಗೈ ಹೊರಗೆ ಬಂದು ಹೋಗು ಹೋಗು ಅಂತ ಆಡುತ್ತದೆ, ಎದುರಿಗೆ ಏನು ಬರುತ್ತಿದೆ ಅಂತ ನಮಗೆ ಕಾಣದಿದ್ದರೂ ಆ ಕೈಯನ್ನು ನಂಬಿ ನಾವು ಹೋಗಿಬಿಡುತ್ತೇವೆ. ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರಿಗೂ ಬೈಕಿಗೂ ಪ್ರವೇಶ ಇಲ್ಲ. ಹಾಗಾಗಿ ಈ ಕೈಸನ್ನೆಯ ವ್ಯವಹಾರವೆಲ್ಲ ಈಗ ಸರ್ವಿಸ್ ರೋಡಿನಲ್ಲಿ, ಊರ ರಸ್ತೆಗಳಲ್ಲಿ. ನಾವು ಸೈಡ್ ಕೇಳುತ್ತೇವೆ, ಅವರು ಸೈಡ್ ಕೊಡುತ್ತಾರೆ. ಕೊಡದಿದ್ದರೆ ಬೈದುಕೊಂಡು ಹಿಂದೆಯೇ ಹೋಗುತ್ತೇವೆ.

ಗೋ-ಕಾರ್ಟ್‌ನಲ್ಲಿ, ಅಂದರೆ ಟ್ರ್ಯಾಕಿನ ಮೇಲೆ ರೇಸಿಗೆ ಓಡಿಸುವ ಆ ಪುಟ್ಟ ಗಾಡಿಯಲ್ಲಿ, ಯಾರೂ ಸೈಡ್ ಕೊಡುವುದಿಲ್ಲ. ಕೇಳುವುದಕ್ಕೆ ಹಾರ್ನೂ ಇಲ್ಲ. ಕನ್ನಡಿ ಇಲ್ಲ, ಇಂಡಿಕೇಟರ್ ಇಲ್ಲ, ಬಾಡಿಗೆ ಕಾರ್ಟ್ ಆದರೆ ಗೇರು ಕ್ಲಚ್ಚು ಕೂಡ ಇಲ್ಲ. ಬಲಗಾಲಿಗೆ ಆಕ್ಸಿಲರೇಟರ್, ಎಡಗಾಲಿಗೆ ಬ್ರೇಕ್, ಅಷ್ಟೇ. ಮೈಸೂರಿನ ಹೊರವಲಯದ ಒಂದು ಬಾಡಿಗೆ ಟ್ರ್ಯಾಕಿಗೆ ನಮ್ಮ ಸೋದರಮಾವನನ್ನು ಕರೆದುಕೊಂಡು ಹೋಗಿದ್ದೆ. ಆಯಸ್ಸೆಲ್ಲಾ ಫ್ಯಾಕ್ಟರಿಗೆ ಕಬ್ಬು ಹೊಡೆದ ಮನುಷ್ಯ. ಹೆಲ್ಮೆಟ್ ಹಾಕಿಸಿ ಕೂರಿಸಿದ ಮೇಲೆ ಸ್ಟೀರಿಂಗ್ ಸುತ್ತ ಕೈಯಾಡಿಸಿ, "ಹಾರ್ನೇ ಇಲ್ವಲ್ಲೋ ಅಳಿಮಯ್ಯ, ಮುಂದ್ಗಡೆಯವ್ನಿಗೆ ಹೆಂಗ್ ಗೊತ್ತಾಯ್ತದೆ?" ಅಂದರು. ಗೊತ್ತಾಗಬಾರದು ಮಾವ, ಅದೇ ಆಟ, ಅಂದೆ. ಅವರಿಗೆ ಅದು ಸರಿ ಕಾಣಲಿಲ್ಲ.

ಈ ಗಾಡಿಯ ಮೂಲವೂ ಅಂಥ ದೊಡ್ಡದೇನಲ್ಲ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಅನ್ನುವವನು ಹುಲ್ಲು ಕತ್ತರಿಸುವ ಮೆಷಿನ್ನಿಗೆ ಹಾಕುವಂಥ ಎಂಜಿನ್ನನ್ನು ಪೈಪಿನ ಚೌಕಟ್ಟಿಗೆ ಕೂರಿಸಿ ಓಡಿಸಿದ, ಶುರುವಾಯಿತು. ಈಗಿನ ಬಾಡಿಗೆ ಕಾರ್ಟ್‌ಗಳಲ್ಲಿ ಹೋಂಡಾ ಜಿಎಕ್ಸ್ ಅನ್ನುವ ಜಾತಿಯ ಎಂಜಿನ್ ಬಹಳ ಕಡೆ ಸಿಗುತ್ತದೆ. ನೀರೆತ್ತುವ ಪಂಪಿಗೂ ಟಿಲ್ಲರಿಗೂ ಹಾಕುವುದು ಇದೇ ಜಾತಿಯದನ್ನೇ. ಎಲ್ಲರ ಕಾಲ ಕೆಳಗೂ ಹೆಚ್ಚುಕಡಿಮೆ ಒಂದೇ ಎಂಜಿನ್ ಇರುವಾಗ ನೇರ ದಾರಿಯಲ್ಲಿ ನಾವು ಎಷ್ಟು ತುಳಿದರೂ ಮುಂದಿನವನೂ ಅಷ್ಟೇ ತುಳಿದಿರುತ್ತಾನೆ. ಮುದ್ದೆ ಜಾಸ್ತಿ ಉಂಡವನು ಸ್ವಲ್ಪ ಹಿಂದೆ ಬೀಳಬಹುದು. ದಾಟಬೇಕು ಅಂದರೆ ತಿರುವಿನಲ್ಲೇ ಏನಾದರೂ ಮಾಡಬೇಕು.

ಮೊದಲು ಎಲ್ಲರೂ ಕಲಿಯುವುದು ಒಳಗಡೆಯಿಂದ ನುಗ್ಗುವುದನ್ನು. ಮುಂದಿನವನು ಬ್ರೇಕ್ ಹಾಕಿದ ಜಾಗಕ್ಕಿಂತ ಒಂದೆರಡು ಮಾರು ಮುಂದೆ ಹೋಗಿ ನಾವು ಬ್ರೇಕ್ ಹಾಕುವುದು. ಅವನು ಸ್ಟೀರಿಂಗ್ ತಿರುಗಿಸುವ ಮೊದಲೇ ನಮ್ಮ ಮುಂದಿನ ಚಕ್ರ ಅವನ ಭುಜದ ಪಕ್ಕಕ್ಕೆ ಬಂದಿರಬೇಕು. ಬಂದಿದ್ದರೆ ತಿರುವು ನಮ್ಮದು, ಇಲ್ಲವಾದರೆ ಅವನದು. ನೋಡಲು ಗಂಡೆದೆಯ ಕೆಲಸ, ಮಾಡಲು ಅಷ್ಟು ಕಷ್ಟವಲ್ಲ, ಆದರೆ ಉಳಿಸಿಕೊಳ್ಳುವುದು ಕಷ್ಟ. ಬಾಡಿಗೆ ಕಾರ್ಟಿನಲ್ಲಿ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ತಿರುಗಿಸುತ್ತಾ ಜೋರಾಗಿ ತುಳಿದರೆ ಗಾಡಿ ಗಿರ್ರನೆ ಸುತ್ತಿ ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತದೆ.

ಇನ್ನೊಂದು ವಿಷಯ ಇದೆ, ನನಗೆ ಬಹಳ ಇಷ್ಟವಾದದ್ದು. ಕಾರ್ಟಿನಲ್ಲಿ ಡಿಫರೆನ್ಷಿಯಲ್ ಇಲ್ಲ, ಅಂದರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರಿನ ಜೋಡಣೆ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ ಬಿಗಿದಿರುವುದರಿಂದ ಎರಡೂ ಒಂದೇ ಸಮ ಸುತ್ತುತ್ತವೆ. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರ ಹೋಗಬೇಕಲ್ವಾ, ಹಾಗಾಗಿ ಅದು ನೆಲದಿಂದ ಒಂಚೂರು ಮೇಲೆದ್ದರೇನೇ ಗಾಡಿ ಸಲೀಸಾಗಿ ತಿರುಗುವುದು. ಏಳದಿದ್ದರೆ ಅಥವಾ ನಾವು ಸ್ಟೀರಿಂಗನ್ನು ಹಿಂಡಿ ಹಿಂಡಿ ತಿರುಗಿಸಿದರೆ ಟೈರು ನೆಲಕ್ಕೆ ತಿಕ್ಕಿ ಎಂಜಿನ್ ಉಸಿರುಗಟ್ಟುತ್ತದೆ. ಇಳಿಸಲು ಗೇರಂತೂ ಇಲ್ಲ. ಹೋದ ವೇಗ ವಾಪಸ್ ಬರಲು ಮುಂದಿನ ನೇರ ದಾರಿಯೆಲ್ಲಾ ಬೇಕು.

ಒಳಗೆ ನುಗ್ಗಿದವನಿಗೆ ಆಗುವುದು ಇದೇ. ತೀರಾ ಒಳಗಿನಿಂದ ಹೋದವನು ತಿರುವನ್ನು ಇಕ್ಕಟ್ಟಾಗಿ ತಿರುಗಿಸಬೇಕು, ಹೊರಗೆ ಬರುವಾಗ ಅಗಲಕ್ಕೆ ಹರಿದು ಹೋಗುತ್ತಾನೆ, ಅಷ್ಟರಲ್ಲಿ ದಾಟಿಸಿಕೊಂಡವನು ಅವನ ಹಿಂದಿನಿಂದ ಅಡ್ಡ ಹಾಯ್ದು ಒಳಗಿನಿಂದ ಮುಂದೆ ಹೋಗಿರುತ್ತಾನೆ. ಇದನ್ನು ತಿಳಿದವರು ಬೇಕಂತಲೇ ಮಾಡುತ್ತಾರೆ. ಒಳಗೆ ಬರುತ್ತೇನೆ ಅಂತ ಮೂತಿ ತೋರಿಸುವುದು, ಅವನು ಹೆದರಿ ಒಳಗಿನ ಬಾಗಿಲು ಮುಚ್ಚಿಕೊಳ್ಳುವುದು, ಆಗ ನಾವು ಸ್ವಲ್ಪ ಮೊದಲೇ ಬ್ರೇಕ್ ಹಾಕಿ ಅಗಲದಿಂದ ಬಂದು, ಗಾಡಿಯನ್ನು ಬೇಗ ನೆಟ್ಟಗೆ ಮಾಡಿಕೊಂಡು, ಅವನಿಗಿಂತ ಮುಂಚೆ ಆಕ್ಸಿಲರೇಟರ್ ತುಳಿಯುವುದು. ಜನ ನೋಡುವುದು ನೇರ ದಾರಿಯಲ್ಲಿ ಪಕ್ಕದಿಂದ ಹೋಗಿದ್ದನ್ನು. ಕೆಲಸ ಮುಗಿದಿದ್ದು ಹಿಂದಿನ ತಿರುವಿನಲ್ಲಿ, ಅದೂ ಬ್ರೇಕ್ ಮೇಲೆ. ಎಡಕ್ಕೆ ತಿರುಗಿದ ಕೂಡಲೇ ಬಲಕ್ಕೆ ತಿರುಗುವ ಜಾಗ ಇದ್ದರಂತೂ ಇನ್ನೂ ಸೊಗಸು. ಮೊದಲನೆಯದರಲ್ಲಿ ಹೊರಗಡೆಯೇ ಅಂಟಿಕೊಂಡು ಪಕ್ಕದಲ್ಲೇ ಇದ್ದರೆ ಎರಡನೆಯದಕ್ಕೆ ನಾವೇ ಒಳಗಿನವರು.

ಗುದ್ದಿ ದಾರಿ ಮಾಡಿಕೊಳ್ಳುವವರೂ ಇದ್ದಾರೆ. ಬಾಡಿಗೆ ಕಾರ್ಟಿನ ಸುತ್ತ ಬಂಪರ್ ಇರುವುದೇ ಗುದ್ದಲು ಅಂದುಕೊಂಡ ಜನ. ನಾನು ಅದನ್ನು ಓವರ್‌ಟೇಕ್ ಲೆಕ್ಕಕ್ಕೆ ಸೇರಿಸುವುದಿಲ್ಲ. ದೊಡ್ಡ ರೇಸುಗಳಲ್ಲಿ ಮುಂದಿನ ಬಂಪರನ್ನು ಗುದ್ದಿದರೆ ಒಳಕ್ಕೆ ಜರುಗುವ ಹಾಗೆ ಕ್ಲಿಪ್ಪಿನಲ್ಲಿ ನಿಲ್ಲಿಸಿರುತ್ತಾರೆ. ರೇಸ್ ಮುಗಿದಾಗ ಅದು ಜರುಗಿದ್ದರೆ ಪೆನಾಲ್ಟಿ. ನಮ್ಮ ಕೆಲವು ಸಿಟಿ ಬಸ್ಸುಗಳಿಗೂ ಇದನ್ನು ಹಾಕಿಸಬಹುದಿತ್ತು.

ಮಾವನ ಕಥೆ ಹೇಳಬೇಕಲ್ಲ. ಅವರು ತಿರುವುಗಳನ್ನು ಚೆನ್ನಾಗಿಯೇ ತೆಗೆದುಕೊಂಡರು, ಭಾರದ ಗಾಡಿ ತಿರುಗಿಸಿದ ಕೈ, ಒಂದು ಕಡೆಯೂ ಎಳೆದಾಡಲಿಲ್ಲ. ಆದರೆ ಹಿಂದೆ ಎಂಜಿನ್ ಸದ್ದು ಕೇಳಿದ ತಕ್ಷಣ ಬಲಗೈ ಎತ್ತಿ, ಹೋಗಪ್ಪಾ ಹೋಗು ಅಂತ ಸೈಡ್ ಕೊಟ್ಟುಬಿಟ್ಟರು. ಟ್ರ್ಯಾಕಿನಲ್ಲಿ ಕೈ ಎತ್ತಿದರೆ ಗಾಡಿಗೆ ಏನೋ ಆಗಿದೆ ಅಂತ ಅರ್ಥ. ಬಾವುಟದ ಹುಡುಗ ಗಾಬರಿಯಿಂದ ಹಳದಿ ಬಾವುಟ ಹಿಡಿದ, ಹಳದಿ ಇದ್ದಾಗ ಯಾರೂ ಯಾರನ್ನೂ ದಾಟುವಂತಿಲ್ಲ, ಹಾಗಾಗಿ ಎಲ್ಲರೂ ಮಾವನ ಹಿಂದೆ ಸಾಲಾಗಿ ನಿಧಾನಕ್ಕೆ ಸುತ್ತಿದೆವು. ಅವರು ಕೈ ಬೀಸುತ್ತಲೇ ಇದ್ದರು.

ಆಮೇಲೆ ಕೌಂಟರಿನಲ್ಲಿ ಟೈಮಿನ ಚೀಟಿ ಕೊಟ್ಟರು. ಇಂಥ ಬಾಡಿಗೆ ಸುತ್ತುಗಳಲ್ಲಿ ಯಾರು ಯಾರನ್ನು ದಾಟಿದರು ಅನ್ನುವುದಕ್ಕೆ ಬೆಲೆಯೇ ಇಲ್ಲ, ಅತಿ ಬೇಗ ಮುಗಿಸಿದ ಒಂದು ಸುತ್ತು ಯಾರದು ಅಂತ ಮಾತ್ರ ನೋಡುತ್ತಾರೆ. ಬುದ್ಧಿ ಇದ್ದವನು ಮುಂದಿನವನನ್ನು ದಾಟಲು ಒದ್ದಾಡದೆ, ಸ್ವಲ್ಪ ನಿಧಾನಿಸಿ, ಅವನನ್ನು ಮುಂದಕ್ಕೆ ಬಿಟ್ಟು ಖಾಲಿ ಟ್ರ್ಯಾಕಿನಲ್ಲಿ ಒಂದು ಒಳ್ಳೆಯ ಸುತ್ತು ಹಾಕುತ್ತಾನೆ. ಹಳದಿ ಬಾವುಟ ಇಳಿದ ಮೇಲೆ ಎಲ್ಲರನ್ನೂ ಮುಂದಕ್ಕೆ ಕಳಿಸಿದ್ದ ಮಾವನ ಮುಂದೆ ಟ್ರ್ಯಾಕ್ ಖಾಲಿ ಇತ್ತು, ಚೀಟಿಯಲ್ಲಿ ಅವರ ಹೆಸರು ನನ್ನ ಹೆಸರಿಗಿಂತ ಮೇಲಿತ್ತು. ನೋಡಿ, "ಇದ್ಯಾಕೆ ನಿನ್ ಹೆಸ್ರು ಕೆಳಗಡೆ ಬರ್ದವ್ರೆ, ನೀನೇ ತಾನೆ ನನ್ ಮುಂದೆ ಹೋಗಿದ್ದು?" ಅಂತ ಕೌಂಟರಿನವನ ಹತ್ತಿರ ನನ್ನ ಪರವಾಗಿ ಜಗಳಕ್ಕೇ ನಿಂತರು.